ದಾವಾವೊದ ಅಳಿಯ

ಸಿದ್ಧಾರೂಢನ ಮನೆಯಲ್ಲಿ ಎರಡು ಪಟಗಳಿಗೆ ಹಾರ ಬೀಳುತ್ತಿತ್ತು. ಒಂದು, ಅವನಿಗೆ ಹೆಸರು ಕೊಟ್ಟ ಹುಬ್ಬಳ್ಳಿ ಮಠದ ಅಜ್ಜನದು. ಇನ್ನೊಂದು, ಫಿಲಿಪೀನ್ಸ್ ದೇಶದ ದಾವಾವೊ ಎಂಬ ಊರಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮೇಯರ್ ಆಗಿದ್ದು, ಆಮೇಲೆ ಆ ದೇಶಕ್ಕೇ ಅಧ್ಯಕ್ಷನಾದ ಮನುಷ್ಯನದು. ಬದುಕಿರುವವರ ಪಟಕ್ಕೆ ಹಾರ ಹಾಕಬಾರದು ಕಣಪ್ಪ ಎಂದು ನಾನೇ ಒಮ್ಮೆ ಹೇಳಿದ್ದೆ. ಅವನು ಕೇಳಲಿಲ್ಲ. ಯಾರ ಮಾತು ಕೇಳಿದ್ದ, ನನ್ನ ಮಾತು ಕೇಳುವುದಕ್ಕೆ?

ನಾನು ಕುಮುದಾ, ಮೈಸೂರಿನವಳು, ಹ್ಯೂಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಸಿದ್ಧಾರೂಢನ ಹೆಂಡತಿ ಅಲ್ಲೇ ನರ್ಸ್. ಹ್ಯೂಸ್ಟನ್ನಿನ ಅಂಚಿನ ಶುಗರ್ ಲ್ಯಾಂಡಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯೇ ಅವರದು. ಹತ್ತು ವರ್ಷಕ್ಕೂ ಮೇಲೆ ಅವಳೂ ನಾನೂ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬಂದಿದ್ದೇವೆ. ಹೀಗಾಗಿ ಆ ಮನೆಯ ಕತೆ ಅವರ ನೆಂಟರಿಗಿಂತ ನನಗೆ ಚೆನ್ನಾಗಿ ಗೊತ್ತು.

ಅವನು ಗದಗಿನವನು. ಪಿಯುಸಿಯಲ್ಲಿ ಬಂದ ಅಂಕಕ್ಕೆ ಕರ್ನಾಟಕದಲ್ಲಿ ಮೆಡಿಕಲ್ ಸೀಟು ಕನಸಿನ ಮಾತಾಗಿತ್ತು. ನಮ್ಮ ಕಡೆಯ ಹುಡುಗರನ್ನು ಸೇರಿಸಿಕೊಳ್ಳುವ ಕಾಲೇಜು ದಾವಾವೊದಲ್ಲಿದೆ ಎಂದು ಯಾರೋ ಏಜೆಂಟ್ ಹೇಳಿದ, ಅಪ್ಪ ವಿಮಾನ ಹತ್ತಿಸಿದ. ಡಾಕ್ಟರಿಕೆ ಎಷ್ಟು ಕಲಿತನೋ ಶಿವನೇ ಬಲ್ಲ, ಮೇಯರನನ್ನು ಮಾತ್ರ ಪೂರ್ತಿ ಕಲಿತು ಬಂದ. ಆ ಊರಲ್ಲಿ ಬೀದಿಯಲ್ಲಿ ಸಿಗರೇಟು ಹಚ್ಚುವಂತಿಲ್ಲ, ಪಟಾಕಿ ಹೊಡೆಯುವಂತಿಲ್ಲ, ಮೇಯರ್ ತಾನೇ ಮೋಟರ್‌ಸೈಕಲ್ ಹತ್ತಿ ಗಸ್ತು ತಿರುಗುತ್ತಾನೆ, ಬಾಯಿ ತೆರೆದರೆ ಬೈಗುಳ. ಊಟಕ್ಕೆ ಕರೆದವರಿಗೆಲ್ಲ ಸಿದ್ಧಾರೂಢ ಈ ಪುರಾಣ ಬಡಿಸುತ್ತಿದ್ದ.

"ಕಳ್ಳರಿಗೆ ಅಲ್ಲಿ ಎರಡ ದಾರಿ ರೀ," ಎನ್ನುತ್ತಿದ್ದ ರೊಟ್ಟಿ ಮುರಿಯುತ್ತ. "ಒಂದು ಬಸ್‌ಸ್ಟ್ಯಾಂಡ್, ಇನ್ನೊಂದು ಸುಡಗಾಡು. ನಮ್ಮ ದೇಶಕ್ಕೂ ಅಂಥಾ ಗಂಡಸು ಬೇಕು."

ಕೂತವರು ಹೌದೌದು ಎಂದು ತಲೆಯಾಡಿಸುತ್ತಿದ್ದರು. ಎಣಗಾಯಿ ಅಷ್ಟು ಚೆನ್ನಾಗಿರುತ್ತಿತ್ತು, ಯಾರು ತಾನೇ ಜಗಳಕ್ಕೆ ನಿಲ್ಲುತ್ತಾರೆ?

ಎಣಗಾಯಿ ಮಾಡುತ್ತಿದ್ದವಳು ಮಾರಿವಿಕ್, ದಾವಾವೊದ ಹುಡುಗಿ. ಇವನು ಅಲ್ಲಿ ಓದುವಾಗ ಪರಿಚಯವಾದವಳು. ಗದಗಿನಲ್ಲಿ ಮದುವೆಯಾಯಿತು. ಅತ್ತೆ ಸುಮಿತ್ರವ್ವ ಪದ್ಧತಿಯಂತೆ ಅಕ್ಕಿಯ ತಟ್ಟೆಯಲ್ಲಿ ಸೊಸೆಗೆ ಹೊಸ ಹೆಸರು ಬರೆಸಿದಳು: ಮಲ್ಲವ್ವ. ತನ್ನ ಹೆಸರು ಅಳಿಸಿದರೆಂದು ಗೊತ್ತಾಗಲು ಪಾಪ ಅವಳಿಗೆ ಎರಡು ದಿನ ಹಿಡಿಯಿತಂತೆ. ಆಮೇಲೆ ವರ್ಷಗಟ್ಟಲೆ ಅತ್ತೆಯ ಅಡುಗೆಮನೆಯಲ್ಲಿ ನಿಂತು ರೊಟ್ಟಿ ಬಡಿಯುವುದನ್ನೂ ಭಾಷೆಯನ್ನೂ ಒಟ್ಟಿಗೆ ಕಲಿತಳು. ಅವಳ ಗದಗಿನ ಕನ್ನಡದ ಮುಂದೆ ನನ್ನ ಕನ್ನಡ ಸಪ್ಪೆ.

ಅಮೆರಿಕಕ್ಕೆ ಬಂದದ್ದೂ ಅವಳ ಬೆನ್ನ ಮೇಲೆಯೇ. ನರ್ಸ್ ಎಂದು ಅವಳಿಗೆ ಗ್ರೀನ್ ಕಾರ್ಡ್ ಸಿಕ್ಕಿತು, ಗಂಡನೂ ಏಳು ವರ್ಷದ ಮಗ ಇಶಾನನೂ ಅವಳ ಜೊತೆ ಬಂದರು. ಇಶಾನ್ ಹುಟ್ಟಿದ್ದು ದಾವಾವೊದ ಅಜ್ಜಿಯ ಮನೆಯಲ್ಲಿ, ಪಾಸ್‌ಪೋರ್ಟೂ ಆ ದೇಶದ್ದೇ. ಸಿದ್ಧಾರೂಢ ಇಲ್ಲಿಯ ಡಾಕ್ಟರ್ ಪರೀಕ್ಷೆ ಬರೆದ, ನಪಾಸಾದ, ಮತ್ತೆ ಬರೆದ. ಕೊನೆಗೆ ಯಾರದೋ ಕ್ಲಿನಿಕ್ಕಿನಲ್ಲಿ ಮ್ಯಾನೇಜರ್ ಆಗಿ ಕೂತ. ಎಲ್ಲರ ಮುಂದೆ ಮಾತ್ರ ಡಾಕ್ಟರ್ ಸಿದ್ಧಾರೂಢ.

ಐದು ವರ್ಷವಾದ ಮೇಲೆ ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕುತ್ತೇನೆಂದು ಮಾರಿವಿಕ್ ಹೇಳಿದಳು. ತಾಯಿ ಸಿಟಿಜನ್ ಆಗಿಬಿಟ್ಟಿದ್ದರೆ ಹದಿನೆಂಟರ ಒಳಗಿನ ಮಗನೂ ತಾನಾಗೇ ಆಗುತ್ತಿದ್ದ. ಇವನು ಬಿಡಲಿಲ್ಲ. ಯಾಕೆ ಗೊತ್ತೆ? ಮುಂದೊಂದು ದಿನ ಊರಿಗೆ ಹೋಗಿ ಎಮ್ಮೆಲ್ಲೆ ಚುನಾವಣೆಗೆ ನಿಲ್ಲುವವನಂತೆ. ಹೆಂಡತಿ ಅಮೆರಿಕದವಳು ಎಂದು ವಿರೋಧಿಗಳು ಮೈಕಿನಲ್ಲಿ ಕೂಗಿದರೆ ಮರ್ಯಾದೆ ಏನಾಗಬೇಕು? ಗದಗಿನಲ್ಲಿ ಇವನನ್ನು ಕೇಳುವ ನಾಯಿಯೂ ಇರಲಿಲ್ಲ, ಆದರೂ ಆ ಎಮ್ಮೆಲ್ಲೆ ಸೀಟಿಗಾಗಿ ಹೆಂಡತಿ ಮಗ ಕಾರ್ಡಿನಲ್ಲೇ ಉಳಿದರು.

ಸೀಟು ಸಿಗುವವರೆಗೆ ಕೈ ಪಳಗಲಿ ಎಂದು ನಮ್ಮ ಕನ್ನಡ ಬಳಗದ ಅಧ್ಯಕ್ಷನಾದ. ದೇವರೇ, ಆ ಎರಡು ವರ್ಷ. ರಾಜ್ಯೋತ್ಸವಕ್ಕೆ ಹತ್ತು ನಿಮಿಷ ತಡವಾಗಿ ಬಂದವರಿಗೆ ಬಾಗಿಲು ಹಾಕಿಸಿದ. ಮೊಸರನ್ನ ತಂದ ಎಂಬತ್ತರ ಪುಟ್ಟಸ್ವಾಮಿ ಅಂಕಲ್ ಪಾತ್ರೆ ಹಿಡಿದು ಬಿಸಿಲಲ್ಲಿ ನಿಂತಿದ್ದರು. "ಶಿಸ್ತು ಅಂದ್ರ ಶಿಸ್ತು," ಎಂದ. ಡಾಲಸ್ ಕಡೆ, ಲಿಟಲ್ ಎಲ್ಮ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಯುವಕರಿಗೆ ಭಾಷಣ ಮಾಡಲು ಕರೆದರೆ ಅಲ್ಲೂ ಮೇಯರನ ಜೀವನ ಚರಿತ್ರೆ ಊದಿ ಬಂದ. "ಮಾದಕ ವಸ್ತು ಮುಟ್ಟಿದರೆ ಸ್ವಂತ ಮಕ್ಕಳನ್ನೂ ಬಿಡುವುದಿಲ್ಲ ಎಂದವನು ಅವನು," ಎಂದಾಗ ಹಾಲ್ ತುಂಬ ಚಪ್ಪಾಳೆ. ಮೊದಲ ಸಾಲಿನಲ್ಲಿ ಕೂತ ಮಾರಿವಿಕ್ ತಟ್ಟಲಿಲ್ಲ.

ಅವಳು ಯಾಕೆ ತಟ್ಟುತ್ತಾಳೆ? ಮೇಯರ್ ಅಧ್ಯಕ್ಷನಾದ ಮರುವರ್ಷ ಇವರು ರಜೆಗೆ ದಾವಾವೊಗೆ ಹೋಗಿದ್ದರು. ಮಾದಕ ವಸ್ತುವಿನ ಮೇಲೆ ಯುದ್ಧ ಎಂದು ಸಾರಿ, ಆ ದೇಶದಲ್ಲಿ ಸಾವಿರಾರು ಹೆಣ ಬೀಳುತ್ತಿದ್ದ ಕಾಲ ಅದು. ಮಾರಿವಿಕ್‌ಗೆ ಜುನ್ ಎಂದು ಒಬ್ಬ ತಮ್ಮನಿದ್ದ. ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸುತ್ತಿದ್ದ, ಆಗಾಗ ನಶೆಯ ಪುಡಿ ಸೇದುತ್ತಿದ್ದ. ಇವರು ಅಲ್ಲಿದ್ದ ವಾರದಲ್ಲೇ ಮೋಟರ್‌ಸೈಕಲ್ ಮೇಲೆ ಬಂದ ಇಬ್ಬರು, ಅಂಗಡಿಯ ಮುಂದೆ ಮೊಟ್ಟೆ ಕೊಳ್ಳುತ್ತಿದ್ದ ಜುನ್‌ಗೆ ಗುಂಡು ಹೊಡೆದು ಹೋದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಶವ ಗುರುತಿಸಲು ಹೋದವನು ಸಿದ್ಧಾರೂಢ. ತಿರುಗಿ ಬಂದು ಪಟಕ್ಕೆ ಎಂದಿನಂತೆ ಹಾರ ಹಾಕಿದ. ಯಾವನೋ ನೆರೆಯವ ಹೊಟ್ಟೆಕಿಚ್ಚಿಗೆ ತನ್ನ ತಮ್ಮನ ಹೆಸರು ಹೇಳಿಕೊಟ್ಟಿರಬೇಕೆಂದು ಮಾರಿವಿಕ್ ಕಾರಿನಲ್ಲಿ ಅತ್ತಳು, ಆ ನೆರೆಯವನಿಗೆ ಹಿಡಿಶಾಪ ಹಾಕಿದಳು. ನಾನೂ ಜೊತೆಗೆ ಹಾಕಿದೆ.

ಇಶಾನ್ ಆಸ್ಟಿನ್ನಿನಲ್ಲಿ ಕಾಲೇಜು ಸೇರಿದ. ಮೃದು ಹುಡುಗ, ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹತ್ತೊಂಬತ್ತು ತುಂಬಿದ ವರ್ಷ ದಸರೆಗೆ ಮನೆಗೆ ಬಂದಾಗ ಅವನ ಬ್ಯಾಗಿನಲ್ಲಿ ಗಾಂಜಾ ಎಣ್ಣೆ ತುಂಬಿದ ವೇಪ್ ಕೊಳವೆಗಳು ಅಪ್ಪನ ಕೈಗೆ ಸಿಕ್ಕವು. ಟೆಕ್ಸಸ್‌ನಲ್ಲಿ ಆ ಎಣ್ಣೆ ಚೂರಿದ್ದರೂ ದೊಡ್ಡ ಕೇಸು. ನಮ್ಮ ಮಕ್ಕಳಲ್ಲಿ ಎಷ್ಟು ಜನ ಸೇದುತ್ತಾರೆಂದು ನನಗೂ ಗೊತ್ತು, ನಿಮಗೂ ಗೊತ್ತು. ಬೇರೆ ಅಪ್ಪಂದಿರಾದರೆ ಎರಡು ಬೈದು ಅದನ್ನು ಕಮೋಡಿಗೆ ಸುರಿಯುತ್ತಿದ್ದರು. ಇವನು ಮಗನನ್ನೂ ಬ್ಯಾಗನ್ನೂ ಕಾರಿಗೆ ಹಾಕಿಕೊಂಡು ನೇರ ಪೊಲೀಸ್ ಠಾಣೆಗೆ ಹೋದ.

ಗದಗಿನ ಬುದ್ಧಿ. ಅಲ್ಲಿ ಪೋಲಿ ಬಿದ್ದ ಮಗನನ್ನು ಅಪ್ಪ ಠಾಣೆಗೆ ಕರೆದೊಯ್ಯುತ್ತಾನೆ, ಗುರುತಿನ ಸಾಹೇಬರು ಎರಡು ಬಾರಿಸಿ, ಒಂದು ತಾಸು ಮೂಲೆಯಲ್ಲಿ ಕೂರಿಸಿ, ಚಹಾ ಕುಡಿಸಿ ಮನೆಗೆ ಕಳಿಸುತ್ತಾರೆ. ಸಿದ್ಧಾರೂಢ ಇಲ್ಲಿಯ ಆಫೀಸರನಿಗೂ ಹಾಗೇ ಹೇಳಿದ: ಸ್ವಲ್ಪ ಹೆದರಿಸಿ ಸರ್, ಬುದ್ಧಿ ಬರಲಿ. ಆಫೀಸರ್ ಬಹಳ ಮರ್ಯಾದೆಯ ಮನುಷ್ಯ. ಇದು ಯಾರ ಬ್ಯಾಗ್ ಎಂದು ಕೇಳಿದ. ನನ್ನದು ಎಂದ ಇಶಾನ್. ಕೈಗೆ ಬೇಡಿ ಬಿತ್ತು. ಒಳಗೆ ಕರೆದೊಯ್ಯುವಾಗ ಸಿದ್ಧಾರೂಢ ಹಿಂದೆ ಹಿಂದೆ ಓಡಿದನಂತೆ, "ಸಾಕು ಸರ್, ಹೆದರಿದ್ದಾನೆ ಸರ್, ಈಗ ಬಿಡಿ ಸರ್," ಎನ್ನುತ್ತ. ಯಾರು ಬಿಡುತ್ತಾರೆ?

ಅಷ್ಟಕ್ಕೇ ನಿಂತಿದ್ದರೂ ಹುಡುಗ ಉಳಿಯುತ್ತಿದ್ದ. ಒಳ್ಳೆ ಲಾಯರ್ ಹಿಡಿಯೋಣ ಎಂದು ಮಾರಿವಿಕ್ ಕಾಲಿಗೆ ಬಿದ್ದಳು. "ಗಂಡಸು ಮಾಡಿದ್ದನ್ನ ಒಪ್ಪಕೋಬೇಕು," ಎಂದು ಇವನು ಮಗನಿಂದ ತಪ್ಪೊಪ್ಪಿಗೆ ಹೇಳಿಸಿದ. ಜೈಲಿಲ್ಲ, ಬರೀ ಪ್ರೊಬೇಷನ್ ಎಂದಾಗ ನಮಗೆಲ್ಲ ಪೇಢೆ ಹಂಚಿದ. ಸಿಟಿಜನ್ ಅಲ್ಲದವನು ಇಂಥ ಕೇಸಿನಲ್ಲಿ ತಪ್ಪೊಪ್ಪಿಕೊಂಡರೆ ದೇಶದಿಂದ ಹೊರಗೆ ಹಾಕಬಹುದು ಎಂದು ಅವನಿಗೆ ತಿಳಿದದ್ದು, ಆಸ್ಟಿನ್ನಿನ ರೂಮಿನಿಂದ ಮಗನನ್ನು ವಲಸೆ ಇಲಾಖೆಯವರು ಎತ್ತಿಕೊಂಡು ಹೋದ ಮೇಲೆ. ಹ್ಯೂಸ್ಟನ್ನಿನ ಉತ್ತರಕ್ಕೆ, ದ ವುಡ್‌ಲ್ಯಾಂಡ್ಸ್ ಎಂಬ ಊರಿನಿಂದ ಆಚೆ ಒಂದು ಬಂಧನ ಕೇಂದ್ರದಲ್ಲಿ ಇಟ್ಟರು. ವಾರಕ್ಕೊಮ್ಮೆ ಮಾರಿವಿಕ್ ಅಲ್ಲಿಗೆ ಡ್ರೈವ್ ಮಾಡುತ್ತಿದ್ದಳು, ಗಾಜಿನ ಈಚೆ ಕೂತು ಫೋನಿನಲ್ಲಿ ಮಗನ ದನಿ ಕೇಳಿ ಬರುತ್ತಿದ್ದಳು.

ಮಗ ಒಳಗಿದ್ದಾಗಲೇ, ಮಾರ್ಚಿನಲ್ಲಿ, ಮೇಯರನೂ ಸಿಕ್ಕಿಬಿದ್ದ. ಅಧಿಕಾರ ಬಿಟ್ಟು ಮೂರು ವರ್ಷವಾಗುತ್ತ ಬಂದಿತ್ತು. ಮನಿಲಾದಲ್ಲಿ ಹಿಡಿದು ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಕಳಿಸಿದರು. ಸಿದ್ಧಾರೂಢ ಟೀವಿಯ ಮುಂದೆ ಕೂತು ಅತ್ತ. ಮಗನಿಗೆ ಬೇಡಿ ಬಿದ್ದ ದಿನ ಅವನ ಕಣ್ಣಲ್ಲಿ ಒಂದು ಹನಿ ಕಂಡಿರಲಿಲ್ಲ. ಥೂ, ಅನ್ನಿಸಿತು ನನಗೆ.

ಉಳಿದದ್ದು ಒಂದೇ ದಾರಿ. ಅನಘಾ ಎಂದು ಡಾಲಸ್‌ನ ಲಾಯರ್, ನಮ್ಮವರ ಮಗಳೇ, ಕೇಸು ಹಿಡಿದಳು. ದಾವಾವೊಗೆ ಕಳಿಸಿದರೆ ಹುಡುಗನ ಜೀವಕ್ಕೆ ಅಪಾಯ ಎಂದು ತೋರಿಸಿದರೆ ಕೋರ್ಟು ಕಳಿಸಲಾರದು ಎಂದಳು. ಅವನ ಸೋದರಮಾವನನ್ನು ಅಲ್ಲಿ ಕೊಂದಿದ್ದಾರೆ. ಹೆಣ ನೋಡಿದವನು ಅಪ್ಪ. ಆ ಊರು ಎಂಥದೆಂದು ಅಪ್ಪನೇ ಸಾಕ್ಷಿ ಹೇಳಬೇಕು. ಸಿದ್ಧಾರೂಢ ಒಪ್ಪಿದ. ಆ ದಿನ ಪಟ ಇಳಿಸಿದನಂತೆ.

ಹ್ಯೂಸ್ಟನ್ನಿನ ಆ ಕೋರ್ಟಿನಲ್ಲಿ ನಾನೂ ಕೂತಿದ್ದೆ. ಇಶಾನನನ್ನು ನೀಲಿ ಅಂಗಿಯಲ್ಲಿ ಕರೆತಂದರು, ಕೆನ್ನೆ ಒಳಗೆ ಹೋಗಿತ್ತು. ಸಿದ್ಧಾರೂಢ ಸಾಕ್ಷಿಯ ಕುರ್ಚಿಯಲ್ಲಿ ಕೂತು, ಜುನ್ ಹೇಗೆ ಸತ್ತ, ಹೆಣದ ಮೇಲೆ ಎಷ್ಟು ಗುಂಡಿನ ತೂತು, ಎಲ್ಲ ಹೇಳಿದ. ವಾರ್ಡಿನ ಮುಖಂಡನಿಗೆ ಯಾರಾದರೂ ಒಬ್ಬರ ಹೆಸರು ಹೇಳಿದರೆ ಸಾಕು, ಆ ಊರಲ್ಲಿ ಮನುಷ್ಯ ಉಳಿಯುವುದಿಲ್ಲ ಎಂದ. ಸರ್ಕಾರದ ವಕೀಲ ಎದ್ದು ನಿಂತ. ಇದೆಲ್ಲ ಜನ ಆಡಿಕೊಳ್ಳುವ ಮಾತಲ್ಲವೆ, ಜುನ್ ಹೆಸರು ಯಾರಾದರೂ ಹೇಳಿದ್ದರು ಎಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದ.

ಸಿದ್ಧಾರೂಢ ಮಗನ ಕಡೆ ನೋಡಿದ. ಹೆಂಡತಿಯ ಕಡೆ ನೋಡಲಿಲ್ಲ.

"ಹೇಳಿದವನು ನಾನೇ," ಎಂದ. ಭಾವಮೈದುನನನ್ನು ಸ್ವಲ್ಪ ಹೆದರಿಸಲಿ, ಚಟ ಬಿಡಲಿ ಎಂದು ಮುಖಂಡನ ಮನೆಗೆ ಹೋಗಿ ಹೇಳಿ ಬಂದೆ, ಕೊಲ್ಲುತ್ತಾರೆ ಅಂದುಕೊಂಡಿರಲಿಲ್ಲ ಎಂದ. ಯಾರೋ ಅಂದರು, ನಾನು ಕೇಳಿದೆ ಎಂದು ಜಾರಿಕೊಳ್ಳಬಹುದಿತ್ತು. ಜಾರಿಕೊಳ್ಳಲಿಲ್ಲ. ಸುಳ್ಳೇಕೆ ಹೇಳಲಿ, ಅವನು ಬಾಳಿನಲ್ಲಿ ಮಗನಿಗಾಗಿ ಮಾಡಿದ ಒಂದೇ ಕೆಲಸ ಅದು.

ಮಾರಿವಿಕ್ ನನ್ನ ಪಕ್ಕದಲ್ಲಿದ್ದಳು. ನನ್ನ ಕೈ ಹಿಡಿದಿದ್ದವಳು ಬಿಟ್ಟಳು. ಇಶಾನ್ ಅಪ್ಪನನ್ನೇ ನೋಡುತ್ತ ಮೆಲ್ಲಗೆ ಕೇಳಿದ, "ಟ್ವೈಸ್, ಡ್ಯಾಡ್?"

ತೀರ್ಪು ಅವತ್ತೇ ಬಂತು. ಸಾಕ್ಷಿಯ ಮಾತನ್ನು ನಂಬುತ್ತೇನೆ ಎಂದ ನ್ಯಾಯಾಧೀಶ. ನಂಬಿದ್ದೇ ಮುಳುವಾಯಿತು. ಜುನ್ ಸತ್ತದ್ದು ಮನೆಯವರೇ ಹೆಸರು ಕೊಟ್ಟಿದ್ದರಿಂದ. ಈ ಹುಡುಗನ ಹೆಸರನ್ನು ಅಲ್ಲಿ ಯಾರೂ ಕೊಟ್ಟಿಲ್ಲ, ಆಗಿನ ಅಧ್ಯಕ್ಷನೂ ಈಗ ಅಲ್ಲಿಲ್ಲ. ಅಪಾಯ ಸಾಬೀತಾಗಿಲ್ಲ, ಗಡೀಪಾರು ಮಾಡಿ ಎಂದ. ಮೇಲ್ಮನವಿಗೆ ಒಂದು ತಿಂಗಳು ಸಮಯವಿತ್ತು.

ಅನಘಾ ಕಾಗದ ಸಿದ್ಧ ಮಾಡಿದಳು. ತಾಯಿ ಹೇಳಿದಂತೆ ಮಾಡುತ್ತೇನೆ ಎಂದ ಇಶಾನ್. ತಾಯಿ ಆ ಕಾಗದವನ್ನು ಓದದೆ ಮಡಿಸಿಟ್ಟಳು. ಕೋರ್ಟಿನಿಂದ ಬಂದವಳು ಆಸ್ಪತ್ರೆಯ ಹತ್ತಿರ ಒಂದು ರೂಮು ಹಿಡಿದಿದ್ದಳು, ಗಂಡನ ಫೋನ್ ಎತ್ತುತ್ತಿರಲಿಲ್ಲ. ಕೊನೆಗೆ ಸಿದ್ಧಾರೂಢ ನನ್ನ ಮನೆಗೆ ಬಂದ. ಬಳಗಕ್ಕೆಲ್ಲ ಬಾಗಿಲು ಹಾಕಿಸಿದವನು ನನ್ನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ.

"ಕುಮುದಾ ಅವರ, ನೀವರ ಹೇಳ್ರಿ ಆಕೀಗೆ. ಅಪೀಲ್ ಮಾಡೂಣು ಅಂತ ಹೇಳ್ರಿ. ಹುಡುಗ ಅಲ್ಲಿಗೆ ಹೋದ್ರ ಉಳಿಯಂಗಿಲ್ರಿ."

ಅವನ ಕಾರಿನಲ್ಲೇ ಹೋದೆ. ಅವನು ಕೆಳಗೆ ಪಾರ್ಕಿಂಗಿನಲ್ಲಿ ನಿಂತ. ಮಾರಿವಿಕ್ ನೆಲದ ಮೇಲೆ ಎರಡು ಸೂಟ್‌ಕೇಸ್ ತೆರೆದಿಟ್ಟುಕೊಂಡು ಬಟ್ಟೆ ಮಡಿಸುತ್ತಿದ್ದಳು. ಒಂದರಲ್ಲಿ ಮಗನವು, ಒಂದರಲ್ಲಿ ತನ್ನವು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅಪೀಲಿನಲ್ಲಿ ಗೆಲ್ಲಬಹುದು, ಇಲ್ಲೇ ಇರಬಹುದು, ಹುಡುಗನ ಓದು ಮುಗಿಯಲಿ ಎಂದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅತ್ತೆಯ ಮನೆಯ ಅದೇ ಕನ್ನಡದಲ್ಲಿ, ದನಿ ಏರಿಸದೆ, ಒಂದು ಮಾತು ಹೇಳಿ ಮತ್ತೆ ಬಟ್ಟೆಗೆ ಕೈ ಹಾಕಿದಳು.

ಕೆಳಗೆ ಬಂದೆ. ಸಿದ್ಧಾರೂಢ ಕಾರಿಗೆ ಒರಗಿ ನಿಂತಿದ್ದವನು ಓಡಿ ಬಂದ. "ಏನಂದಳ್ರಿ?"

ಏನೋ ಒಂದು ಸಮಾಧಾನದ ಮಾತು ಸೇರಿಸಿ ಹೇಳಬಹುದಿತ್ತು. ನಾನು ಸೇರಿಸಲಿಲ್ಲ. ಅವಳ ಮಾತನ್ನು ಒಂದಕ್ಷರ ಬಿಡದೆ ಅವನ ಮುಖಕ್ಕೇ ಹೇಳಿದೆ:

"ಹೆಸರು ಹೇಳಾಂವ ಇಲ್ಲೇ ಇರತಾನ. ಅಲ್ಲಿ ನನ್ನ ಮಗಗ ಏನೂ ಆಗಂಗಿಲ್ಲ."