ಸರ್ವೇಯರ್ ಕೊಂಡ ಹಳೆಯ ಕಾರು

ಮೀಟರನ್ನು ಹಿಂದಕ್ಕೆ ತಿರುಗಿಸಿರಬಹುದಿತ್ತು. ಮುಂಭಾಗ ಒಂದು ಕಾರಿನದು, ಹಿಂಭಾಗ ಇನ್ನೊಂದರದು, ನಡುವೆ ವೆಲ್ಡಿಂಗ್ ಆಗಿರಬಹುದಿತ್ತು. ಚಾಸಿ ನಂಬರನ್ನು ಉಜ್ಜಿ ಬೇರೆ ನಂಬರ್ ಕೆತ್ತಿರಬಹುದಿತ್ತು. ಏರ್‌ಬ್ಯಾಗ್ ಇರಬೇಕಾದ ಜಾಗದಲ್ಲಿ ಹಳೆಯ ಬಟ್ಟೆ ತುರುಕಿರಬಹುದಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದಿನ ಮಾಲೀಕರ ತೀರದ ಸಾಲಕ್ಕೆ ಬ್ಯಾಂಕಿನವರು ಬಂದು ನಮ್ಮ ಮನೆಯ ಮುಂದಿನಿಂದಲೇ ಕಾರನ್ನು ಎಳೆದೊಯ್ಯಬಹುದಿತ್ತು. ಕನಕಪುರ ರಸ್ತೆಯ ಮೇಲ್ಸೇತುವೆಯ ನಟ್ಟನಡುವೆ ಬ್ರೇಕ್ ಹೋಗಬಹುದಿತ್ತು. ಬ್ರೇಕ್ ಇದ್ದೂ ನಾನೇ ಮರೆತು ಕ್ಲಚ್ ಒತ್ತಬಹುದಿತ್ತು.

2023ರಲ್ಲಿ ಮೊದಲ ಬಾರಿಗೆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟಾಗ ನನ್ನ ತಲೆಯಲ್ಲಿದ್ದ ಪಟ್ಟಿ ಇದು. ಆಗ ನನಗೆ ನಲವತ್ತೊಂಬತ್ತು ವರ್ಷ. ಇಪ್ಪತ್ತಮೂರು ವರ್ಷಗಳಿಂದ ಮೋಟಾರು ವಿಮೆಯ ಸರ್ವೇಯರ್ ಆಗಿದ್ದೆ. ಅಂದರೆ, ಅಪಘಾತವಾದ ವಾಹನವನ್ನು ಖುದ್ದಾಗಿ ನೋಡಿ, ಏನು ಮುರಿದಿದೆ, ಹೇಗೆ ಮುರಿಯಿತು, ಹೇಳುತ್ತಿರುವುದು ನಿಜವೇ ಎಂದು ವಿಮಾ ಕಂಪನಿಗೆ ವರದಿ ಕೊಡುವವನು. ಇಷ್ಟೂ ವರ್ಷ ಊರಿನ ಕಾರುಗಳನ್ನೆಲ್ಲ ಸ್ಕೂಟರಿನಲ್ಲೇ ಹೋಗಿ ನೋಡಿದವನು. ಸ್ವಂತಕ್ಕೆ ಕಾರು ಕೊಂಡಿರಲಿಲ್ಲ. ಕೊಂಡರೆ ಏನೇನಾಗುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತಲ್ಲ!

ಆ ವರ್ಷ ಜುಲೈನಲ್ಲಿ ನನ್ನ ಬೆನ್ನಿನ ಡಿಸ್ಕ್ ಜಾರಿತು. ಡಾಕ್ಟರು ಸ್ಕೂಟರನ್ನು ಶಾಶ್ವತವಾಗಿ ನಿಲ್ಲಿಸಿದರು. ನಾನು ಕಂಪನಿಯ ನೌಕರನಲ್ಲ. ಸರ್ವೆ ಮಾಡಿದರೆ ಫೀಸು, ಇಲ್ಲದಿದ್ದರೆ ಇಲ್ಲ. ಸ್ಪಾಟ್ ಸರ್ವೆ ಎಂದರೆ ಅಪಘಾತದ ಜಾಗಕ್ಕೇ, ವಾಹನ ಕದಲಿಸುವ ಮೊದಲು ತಲುಪಬೇಕು. ಇಟ್ಟಮಡುವಿನ ನಮ್ಮ ಮನೆಯಿಂದ ಆಟೋ ಹಿಡಿದು ನಾನು ತಲುಪುವಷ್ಟರಲ್ಲಿ ಜಾಗದಲ್ಲಿ ಗಾಜಿನ ಚೂರು ಮಾತ್ರ ಉಳಿದಿರುತ್ತಿತ್ತು. ಆಗಸ್ಟ್ ಹೊತ್ತಿಗೆ ಕರೆಗಳು ಕಡಿಮೆಯಾದವು. ಯಾರೂ ಬೇಡ ಎನ್ನಲಿಲ್ಲ, ಸುಮ್ಮನೆ ಬೇರೆಯವರನ್ನು ಕರೆದರು. ಕಾರಿಲ್ಲದಿದ್ದರೆ ನನಗೆ ಕೆಲಸವಿಲ್ಲ ಎಂಬುದು ಸ್ಪಷ್ಟವಾಯಿತು.

ಎರಡು ತಿಂಗಳಲ್ಲಿ ಹನ್ನೊಂದು ಕಾರು ನೋಡಿ ಹನ್ನೊಂದನ್ನೂ ಬಿಟ್ಟೆ. ಹನ್ನೆರಡನೆಯದು ನನ್ನ ಹೆಂಡತಿ ಗೀತಾ ಹುಡುಕಿದ್ದು. ಅವಳ ಯೋಗ ತರಗತಿಯ ವಿಮಲಾ ಮೇಡಂ ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಿಷಿಯನ್ ಆಗಿ ನಿವೃತ್ತರಾದವರು. ಕಣ್ಣಿನ ಡಾಕ್ಟರು ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದಿದ್ದರಿಂದ ಒಂಬತ್ತು ವರ್ಷದ ತಮ್ಮ ಪುಟ್ಟ ಕಾರನ್ನು ಮಾರಲಿದ್ದರು. ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಹನುಮಂತನಗರದ ಅವರ ಮನೆಗೆ ಹೊರಟೆವು. ಸಂಜೆ ಇನ್ನೊಬ್ಬರು ಮುಂಗಡ ಕೊಡಲು ಬರುವವರಿದ್ದರು.

"ರೀ, ಅವರನ್ನ ನಾನು ದಿನಾ ನೋಡ್ಬೇಕು. ಅಲ್ಲಿ ಪೊಲೀಸ್ ತರ ಆಡ್ಬೇಡಿ" ಎಂದು ಗೀತಾ ಆಟೋದಲ್ಲೇ ಎಚ್ಚರಿಸಿದಳು.

ನನ್ನ ಚೀಲದಲ್ಲಿ ಟಾರ್ಚು, ಕೈಗನ್ನಡಿ, ಆಯಸ್ಕಾಂತ ಇದ್ದವು. ತಗಡಿನ ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆದಿದ್ದರೆ ಅಲ್ಲಿ ಆಯಸ್ಕಾಂತ ಹಿಡಿಯುವುದಿಲ್ಲ. ಈ ಕಾರಿನಲ್ಲಿ ಎಲ್ಲ ಕಡೆಯೂ ಹಿಡಿಯಿತು. ಬಾನೆಟ್ಟಿನ ಬೋಲ್ಟುಗಳನ್ನು ಯಾರೂ ಬಿಚ್ಚಿರಲಿಲ್ಲ. ಮೀಟರು ಸರ್ವೀಸ್ ಬಿಲ್ಲುಗಳಿಗೆ ಸರಿಹೊಂದಿತು. ಎಲ್ಲವೂ ಸರಿಯಾಗಿದ್ದುದಕ್ಕೇ ನನಗೆ ದಿಗಿಲಾಯಿತು. ಮಂಡಿಯೂರಿ ಹಿಂದಿನ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿದೆ. ಅಡಿಯಲ್ಲಿ ಬೂದು ಬಣ್ಣದ ನುಣುಪು ಮಣ್ಣು, ಪದರಪದರವಾಗಿ ಒಣಗಿತ್ತು. ಅದು ರಸ್ತೆಯ ಧೂಳಲ್ಲ, ಕೆರೆಯ ಹೂಳು. ಪ್ರವಾಹದಲ್ಲಿ ಮುಳುಗಿದ ಕಾರುಗಳಲ್ಲಿ ಇದನ್ನು ನೂರಾರು ಸಲ ಕಂಡಿದ್ದೆ. ಅಂಥ ಕಾರನ್ನು ಎಷ್ಟೇ ತೊಳೆದರೂ ಒಳಗಿನ ವೈರುಗಳು ತಿಂಗಳುಗಳ ನಂತರ ಒಂದೊಂದಾಗಿ ಕೈಕೊಡುತ್ತವೆ.

ಎದ್ದು ನಿಂತು, ವರದಿ ಓದುವ ದನಿಯಲ್ಲಿ ಹೇಳಿಬಿಟ್ಟೆ: "ಮೇಡಂ, ಇದು ನೀರಲ್ಲಿ ಮುಳುಗಿದ್ದ ಕಾರು. ನೀವು ಮುಂಚೇನೇ ಹೇಳ್ಬೇಕಿತ್ತು."

ಗೀತಾ ಕಣ್ಣು ಮುಚ್ಚಿಕೊಂಡಳು.

"ಎಲ್ಲಿ ಮುಳುಗ್ತು ಸಾರ್?" ವಿಮಲಾ ಮೇಡಂ ಕೇಳಿದರು. "ನಮ್ದು ಗುಡ್ಡದ ಪಕ್ಕ. ಇಲ್ಲಿ ನಲ್ಲೀಲಿ ನೀರು ಬಂದ್ರೇ ಹೆಚ್ಚು."

"ಹಾಗಾದ್ರೆ ಈ ಕೆರೆ ಮಣ್ಣು ಹೆಂಗೆ ಬಂತು?"

ಅವರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. ಅವರಿಗೆ ನಗು ಬಂತು. "ಅಯ್ಯೋ, ಇದಾ? ಗಣಪತಿ ಬಿಟ್ಟು ವಾಪಸ್ ಬರ್ತಾ ಮಣೆ ಮೇಲೆ ಒಂದ್ ಹಿಡಿ ಮಣ್ಣು ತರಲ್ವಾ? ನಮ್ಮ ರಸ್ತೆಯ ಏಳು ಮನೆ ಗಣಪತಿಗೂ ಇದೇ ಕಾರು. ಒಂಬತ್ತು ವರ್ಷದಿಂದ ಏಳೇಳು ಮಣೆ ಹಸಿ ಮಣ್ಣಿನ ಸಮೇತ ವಾಪಸ್ ಬಂದಿದೆ. ಚೆಲ್ಲದೆ ಇರುತ್ತಾ? ನಿಮ್ಮನೇಲಿ ತರಲ್ವಾ?"

"ತರ್ತೀವಿ" ಎಂದೆ. ನಮ್ಮ ಮನೆಯಲ್ಲಿ ಪ್ರತಿವರ್ಷ ಆ ಮಣೆಯನ್ನು ಹಿಡಿದು ಬರುವವನು ನಾನೇ. ಹೋದ ತಿಂಗಳೂ ಹಿಡಿದಿದ್ದೆ, ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು.

ಮುಳುಗಿದ ಕಾರನ್ನು ಗುರುತಿಸಲು ಇನ್ನೊಂದು ಸುಲಭ ಪರೀಕ್ಷೆಯಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ, ಸುರುಳಿಯೊಳಗೆ ಅವಿತಿರುವ ಭಾಗದಲ್ಲಿ ನೀರಿನ ಕಲೆ ಕಾಣುತ್ತದೆ. ಅದನ್ನು ತೊಳೆಯಲು ಯಾರಿಗೂ ನೆನಪಾಗುವುದಿಲ್ಲ. ಬಾಯಿ ತೆರೆಯುವ ಮೊದಲು ಮಾಡಬೇಕಿದ್ದ ಈ ಪರೀಕ್ಷೆಯನ್ನು ಬಾಯಿ ಮುಚ್ಚಿಕೊಂಡ ಮೇಲೆ ಮಾಡಿದೆ. ನಾಲ್ಕು ಬೆಲ್ಟುಗಳೂ ಅಂಗಡಿಯಿಂದ ತಂದಂತಿದ್ದವು. ಸೀಟಿನ ಸ್ಕ್ರೂಗಳಲ್ಲಿ ತುಕ್ಕಿನ ಸುಳಿವಿರಲಿಲ್ಲ.

"ತಪ್ಪಾಯ್ತು ಮೇಡಂ" ಎಂದೆ. ಕಾರು ಕೈತಪ್ಪಿತು ಎಂದು ಖಚಿತವಾಗಿತ್ತು. ಸಂಜೆ ಬರುವವರು ಕಾರ್ಪೆಟ್ ಎತ್ತುವುದಿಲ್ಲ, ಆಕೆಯನ್ನು ಸುಳ್ಳಿ ಎನ್ನುವುದೂ ಇಲ್ಲ. ನಾನಾಗಿದ್ದರೆ ಅವರಿಗೇ ಕೊಡುತ್ತಿದ್ದೆ.

"ನೀವು ಕೇಳಿದ್ದಾಯ್ತಲ್ಲ, ಈಗ ನಾನು ಕೇಳ್ತೀನಿ" ಎಂದರು ಅವರು. "ನೀವು ಹೆಂಗೆ ಓಡಿಸ್ತೀರಾ ಸಾರ್?"

ನನಗಿಂತ ಮೊದಲು ಗೀತಾ ಉತ್ತರಿಸಿದಳು. "ಇವ್ರಾ ಮೇಡಂ? ಇವ್ರು ಡ್ರೈವಿಂಗ್ ಕಲೀವಾಗ ಹಿಂದಿದ್ದ ಸೈಕಲ್‌ನವನು ಬೆಲ್ ಹೊಡೆದು ಹೊಡೆದು ಸುಸ್ತಾಗಿ ಇಳಿದು ನಡ್ಕೊಂಡೇ ಮುಂದೆ ಹೋದ."

ವಿಮಲಾ ಮೇಡಂ ಒಳಗೆ ಹೋದರು. ಸಂಜೆಯವರಿಗೆ ಫೋನಿನಲ್ಲಿ "ಕಾರು ಕೊಟ್ಟಾಯ್ತು" ಎನ್ನುವುದು ಕೇಳಿಸಿತು. ಹೊರಬಂದು ಎರಡೂ ಕೀಲಿಗಳನ್ನು ನನ್ನ ಕೈಗಿಟ್ಟರು. "ನಲವತ್ತು ವರ್ಷ ಲ್ಯಾಬಲ್ಲಿದ್ದೆ ಸಾರ್. ರಿಪೋರ್ಟ್ ತಪ್ಪಾದ್ರೆ ಮತ್ತೆ ಟೆಸ್ಟ್ ಮಾಡೋರು ಕಮ್ಮಿ. ತಪ್ಪಾಯ್ತು ಅನ್ನೋರು ಇನ್ನೂ ಕಮ್ಮಿ. ತಗೊಂಡ್ಹೋಗಿ."

ಮಾಲೀಕತ್ವ ಬದಲಿಸುವ ಫಾರಂ 29 ಮತ್ತು 30ಕ್ಕೆ ಆಕೆ ಅಲ್ಲೇ ಸಹಿ ಹಾಕಿದರು. ಆರ್‌ಸಿ, ಅಂದರೆ ನೋಂದಣಿ ಪತ್ರ, ನನ್ನ ಹೆಸರಿಗೆ ಬಂತು, ವಿಮೆಯನ್ನೂ ವರ್ಗಾಯಿಸಿಕೊಂಡೆ. ಇದನ್ನು ಮರೆತವರ ಕ್ಲೇಮುಗಳನ್ನು ತಿರಸ್ಕರಿಸುವಂತೆ ನಾನೇ ಬರೆದಿದ್ದೇನೆ.

ಆ ಭಾನುವಾರದ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ. ಡಿಕ್ಕಿಯಾಗದ ಕಾರನ್ನು ನೋಡಲು ಸರ್ವೇಯರನ್ನು ಯಾರೂ ಕರೆಯುವುದಿಲ್ಲ. ಹಾಗಾಗಿ ಇಪ್ಪತ್ತಮೂರು ವರ್ಷಗಳಲ್ಲಿ, ಒಂಬತ್ತು ವರ್ಷ ಸುಮ್ಮನೆ ಮನೆಗೂ ಆಸ್ಪತ್ರೆಗೂ ಕೆರೆಗೂ ಓಡಾಡಿಕೊಂಡಿದ್ದ ಒಂದು ಕಾರನ್ನೂ ನಾನು ನೋಡಿರಲಿಲ್ಲ. ಮಣ್ಣನ್ನು ಸರಿಯಾಗಿಯೇ ಗುರುತಿಸಿದ್ದೆ. ಅದು ಹೇಗೆ ಬಂತೆಂದು ಮೊದಲು ಕೇಳುವುದನ್ನು ಬಿಟ್ಟಿದ್ದೆ. ಈಗ ವರದಿಯಲ್ಲಿ ಅನುಮಾನ ಎಂಬ ಪದ ಬರೆಯುವ ಮೊದಲು ಮಾಲೀಕರಿಗೆ ಒಂದು ಫೋನ್ ಮಾಡುತ್ತೇನೆ. ಹಲವು ಸಲ ಉತ್ತರ ಸರಳವಾಗಿರುತ್ತದೆ. ಇದನ್ನು ಕಲಿಸಿದ್ದಕ್ಕೆ ವಿಮಲಾ ಮೇಡಂಗೆ ನಾನು ಋಣಿ. ಕೆಲಸ ಉಳಿಸಿಕೊಟ್ಟಿದ್ದಕ್ಕಂತೂ ಇನ್ನೂ ಹೆಚ್ಚು.

ಕಾರು ಕೊಂಡ ಮುಂದಿನ ವಾರವೇ ಕರೆ ಬಂತು. ಕೋಣನಕುಂಟೆಯ ಗ್ಯಾರೇಜೊಂದರಲ್ಲಿ ವ್ಯಾನ್ ನೋಡಬೇಕಿತ್ತು. ಅಷ್ಟೂ ದೂರ ಒಬ್ಬನೇ ಓಡಿಸಿಕೊಂಡು, ಯಾರಿಗೂ ತಾಗಿಸದೆ ತಲುಪಿದೆ. ಅಂಗಳದಲ್ಲಿ ಖಾಲಿಯಿದ್ದ ಒಂದೇ ಜಾಗದಲ್ಲಿ ಕಾರು ನಿಲ್ಲಿಸಿ, ಹಿಂದಿನ ಶೆಡ್ಡಿಗೆ ಹೋಗಿ ವ್ಯಾನಿನ ಕೆಲಸ ಮುಗಿಸಿದೆ. ಹೊರಬರುವಾಗ ನನ್ನ ಕಾರಿನ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಜಾಬ್ ನಂಬರ್ ಬರೆದಿತ್ತು. ಮುಂದಿನ ಬಂಪರ್ ನೆಲದ ಮೇಲಿತ್ತು. ಪಕ್ಕದಲ್ಲಿ ನೆಗ್ಗಿದ ತಗಡು ಸರಿಮಾಡುವ ಅಲ್ಲಿನ ಹಿರಿಯ ಟಿಂಕರ್ ಬಾಷಾ ಭಾಯ್ ಸ್ಪ್ಯಾನರ್ ಹಿಡಿದು ಕೂತಿದ್ದರು.

"ಬಾಷಾ ಭಾಯ್, ಏನಿದು? ಇದು ನನ್ನ ಕಾರು!"

"ನಿಮ್ದಾ? ಸರ್ವೆಗೆ ಕಾಯೋ ಗಾಡಿಗಳ ಲೈನಲ್ಲಿ ನಿಂತಿತ್ತಲ್ಲ ಸಾರ್! ನಾನು ಬರೋಷ್ಟರಲ್ಲಿ ಬಿಚ್ಚಿಟ್ಟಿರ್ಬೇಕು ಅಂತ ಯಾವಾಗ್ಲೂ ಬೈಯೋದು ನೀವೇ ಅಲ್ವಾ? ಅದಕ್ಕೇ ಬಿಚ್ದೆ. ನೀವು ಕಾರಲ್ಲಿ ಬರ್ತೀರಾ ಅಂತ ಯಾರು ಕನಸು ಕಂಡಿದ್ರು?"

ಇಪ್ಪತ್ತು ನಿಮಿಷದಲ್ಲಿ ಬಂಪರ್ ಮತ್ತೆ ಕೂತಿತು. ಕೂರಿಸುವಾಗ ಎಡಬದಿಯ ಒಂದು ಪ್ಲಾಸ್ಟಿಕ್ ಕ್ಲಿಪ್ ಮುರಿಯಿತು.