ಬಂದ್ ತಿಂಗಳ ಅರ್ಜಿಗಳು

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಂಕೋಲೆಯ ಐಸ್ ಫ್ಯಾಕ್ಟರಿಯಲ್ಲಿ ವಾಯರ್‌ಮನ್ ಆಗಿದ್ದು, ಕೂದಲು ಬೆಳ್ಳಗಾದ ಮೇಲೆ ಕಾರವಾರದ ಒಂದು ಮೀನುಗಾರರ ಸಂಘದಲ್ಲಿ ಕರೆಂಟು ನೋಡಿಕೊಳ್ಳಲು ಸೇರಿದೆ. ಅಲ್ಲಿ ಸದಸ್ಯರ ಪಟ್ಟಿಗೆ, ಬೋಟುಗಳ ದಾಖಲೆಗೆ, ಐಸ್ ಚೀಟಿಗೆ ಎಂದು ಮೂರು ಹಳೆಯ ಕಂಪ್ಯೂಟರ್‌ಗಳಿದ್ದವು. ಉಪ್ಪುಗಾಳಿಗೆ ಒಳಗಿನ ಬೋರ್ಡು ಹಸಿರುಗಟ್ಟಿ, ಒಂದನ್ನು ಎಬ್ಬಿಸಿದರೆ ಇನ್ನೊಂದು ಮಲಗುತ್ತಿತ್ತು.

ಒಂದೇ ಗಟ್ಟಿ ಸರ್ವರ್‌ನೊಳಗೆ ಮೂರನ್ನೂ ಬೇರೆಬೇರೆಯಾಗಿಯೇ ನಡೆಸಬಹುದು, ಅದಕ್ಕೆ ವರ್ಚುವಲೈಸೇಶನ್ ಅನ್ನುತ್ತಾರೆ ಎಂದು ಮೊಬೈಲಿನ ವಿಡಿಯೋದಲ್ಲಿ ನೋಡಿದೆ. ಅಧ್ಯಕ್ಷರು ನಕ್ಕರು. “ಕಾಕಾ, ನಿಮ್ಗೆ ಕನ್ನಡಕ ಹುಡ್ಕೂಕೇ ಅರ್ಧ ತಾಸು ಬೇಕು. ಇದೆಲ್ಲ ಯಂತಕ್ಕೆ?”

“ಉಳ್ದ ಅರ್ಧ ತಾಸಲ್ಲಿ ಕಲೀತೆ,” ಅಂದೆ.

ಭಾವಿಕೇರಿಯ ಮನೆಯಲ್ಲಿ ಯಾರೋ ಬಿಸಾಡಿದ ಕಂಪ್ಯೂಟರ್ ಇಟ್ಟುಕೊಂಡು, ಪಕ್ಕದಲ್ಲಿ ನಿಘಂಟು ತೆರೆದು ಕುಳಿತೆ. ಒಂದಕ್ಕೆ ಮೆಮೊರಿ ಜಾಸ್ತಿ ಕೊಟ್ಟರೆ ಉಳಿದೆರಡು ಏದುಸಿರು ಬಿಡುತ್ತಿದ್ದವು. ಕಟ್ಟಿದೆ, ಕೆಡವಿದೆ, ಮತ್ತೆ ಕಟ್ಟಿದೆ. ಬೇಸಿಗೆ ಮುಗಿಯುವುದರೊಳಗೆ ಸಂಘ ಕೊಂಡ ಒಂದೇ ಸರ್ವರ್ ಪೆಟ್ಟಿಗೆಯಲ್ಲಿ ಮೂರೂ ಓಡತೊಡಗಿದವು. ಕಲಿತದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪ ಇರುವುದು ಬೇರೆಯದಕ್ಕೆ.

ಮಳೆಗಾಲದಲ್ಲಿ ಎರಡು ತಿಂಗಳು ಮೀನುಗಾರಿಕೆ ನಿಲ್ಲಿಸುವ ಬಂದ್ ಶುರುವಾಗುವ ಮುನ್ನಾದಿನ ಸದಸ್ಯರ ಪಟ್ಟಿಯ ಸ್ನ್ಯಾಪ್‌ಶಾಟ್ ತೆಗೆದಿಟ್ಟೆ. ಯಂತ್ರದ ಆ ಹೊತ್ತಿನ ಸ್ಥಿತಿ ಹಾಗೇ ಉಳಿದಿರುತ್ತದೆ, ಬೇಕೆಂದಾಗ ಅಲ್ಲಿಗೆ ಮರಳಬಹುದು. ಅದಿದೆಯಲ್ಲ ಎಂದು ಬೇರೆ ಪ್ರತಿ ಇಡಲಿಲ್ಲ. ಬೋಟುಗಳು ದಡ ಹತ್ತಿದವು. ಬಂದ್ ಮುಗಿದ ದಿನ ಬೆಳಿಗ್ಗೆ ನಾನು ಒಂದು ಅಪ್‌ಡೇಟ್ ಹಾಕಿದ್ದೇ ತಡ, ಸದಸ್ಯರ ಪಟ್ಟಿ ಏಳಲೇ ಇಲ್ಲ. ಪಟ್ಟಿ ನೋಡದೆ ಐಸ್ ಚೀಟಿ ಕೊಡುವಂತಿಲ್ಲ, ಹೊರಗೆ ಚೀಟಿಗೆ ಬೋಟಿನವರ ಸಾಲು. ಎರಡು ತಿಂಗಳು ಯಾರೂ ಕಡಲಿಗೆ ಹೋಗಿಲ್ಲ, ಹೊಸದೇನು ಬರೆದಿರುತ್ತಾರೆ ಎಂದುಕೊಂಡು ಪಟ್ಟಿಯನ್ನು ಆ ಸ್ನ್ಯಾಪ್‌ಶಾಟ್‌ಗೆ ಹಿಂದಕ್ಕೆ ಮರಳಿಸಿದೆ. ಪಟ್ಟಿ ಎದ್ದಿತು. ಎಲ್ಲರೂ ಬೆನ್ನು ತಟ್ಟಿದರು.

ಮೀನು ಮಾರುವ ಹೆಂಗಸರಿಗೆ ಬಿಡುವು ಸಿಗುವುದೇ ಬಂದ್‌ನಲ್ಲಿ. ಭಾವಿಕೇರಿ, ಹಟ್ಟಿಕೇರಿಯಿಂದ ಮಳೆಯಲ್ಲಿ ಬಸ್ಸು ಹತ್ತಿ ಬಂದು, ತಮ್ಮದೇ ಹೆಸರಿನಲ್ಲಿ ಸದಸ್ಯರಾಗಲು ಅರ್ಜಿ ಕೊಟ್ಟಿದ್ದರು. ಸಂಘದ ಗುಮಾಸ್ತೆ ಹುಡುಗಿ ಫೋಟೋ, ಹೆಬ್ಬೆಟ್ಟು ಎಲ್ಲ ಕಂಪ್ಯೂಟರಿಗೆ ತುಂಬಿದ್ದಳು. ಕಾಗದ ಬೇಡ ಎಂದು ಅವಳಿಗೆ ಹೇಳಿಕೊಟ್ಟವನೂ ನಾನೇ. ನಾನು ಹಿಂದಕ್ಕೆ ಮರಳಿಸಿದಾಗ ಅಷ್ಟೂ ಅಳಿಸಿಹೋಗಿತ್ತು.

ಹೆಂಗಸರು ಸದಸ್ಯರ ಕಾರ್ಡು ಕೇಳಲು ಬಂದಾಗ ಅಧ್ಯಕ್ಷರು ಗುಮಾಸ್ತೆ ಹುಡುಗಿಯನ್ನು ತರಾಟೆಗೆ ತೆಗೆದುಕೊಂಡರು. ಅವಳದು ವರ್ಷ ವರ್ಷ ಮುಂದುವರಿಸುವ ನೌಕರಿ. “ಸೇವ್ ಮಾಡೂಕೆ ಬರ್ದಿದ್ದೋರಿಗೆ ಮುಂದಿನ ವರ್ಷದ ಆರ್ಡರ್ ಯಂತಕ್ಕೆ?”

ಅವಳು ನನ್ನ ಕಡೆ ತಿರುಗಿದಳು. “ಕಾಕಾ, ನಾ ಸೇವ್ ಮಾಡೂದು ನೀವೇ ನೋಡಿದ್ರಿ ಅಲ್ವಾ?”

“ನೋಡ್ಬೇಕು,” ಅಂದೆ. ಅಷ್ಟೇ ಅಂದೆ. ಕಾರಣ ನಾನೇ ಎಂದು ಗೊತ್ತಿದ್ದೂ ಎಂಟು ದಿನ ಬಾಯಿ ಬಿಡಲಿಲ್ಲ.

ಅರ್ಜಿ ಕೊಟ್ಟವರಲ್ಲಿ ನನ್ನ ಅಕ್ಕನೂ ಇದ್ದಳು. ಊಟಕ್ಕೆ ಬಡಿಸುತ್ತ ಅಂದಳು: “ಉಪ್ಪು ಹಿಡ್ದು ಹಿಡ್ದು ನನ್ ಬೆರಳಲ್ಲಿ ಗೆರೆಯೇ ಇಲ್ಲ. ಪಾಪ, ಆ ಹುಡ್ಗಿ ಒರೆಸಿ ಒರೆಸಿ ಮೂರು ಸಲ ಒತ್ಸಿತ್ತು. ಅಂಥದ್ದು ಸೇವ್ ಮಾಡೂಕೆ ಮರೀತದ್ಯನೋ ತಮಾ?”

ಮರುದಿನ ಕಮಿಟಿಯ ಎದುರು ನಿಂತು ಎಲ್ಲ ಹೇಳಿದೆ.

“ಹಾಗಾದ್ರೆ ಆ ಪೆಟ್ಗೆ ತೆಗೀರಿ. ಹಳೇ ಮೂರನ್ನೇ ಹಚ್ಚಿ,” ಅಂದರು ಅಧ್ಯಕ್ಷರು.

“ಇಲ್ಲ. ತಪ್ಪು ನಂದು. ಪೆಟ್ಗೇದಲ್ಲ, ಹುಡ್ಗೀದೂ ಅಲ್ಲ. ಬೇಕಾದ್ರೆ ನನ್ನ ತೆಗೀರಿ.”

“ಈ ವಯಸ್ಸಲ್ಲಿ ಕಲ್ಯೂಕೆ ಹೋದ್ರೆ ಹೀಂಗೇ ಆಗೂದು,” ಅಂದರೊಬ್ಬರು.

“ಸುಳ್ಳು ಹೇಳೂಕೆ ವಯಸ್ಸು ಅಡ್ಡ ಬರ್ಲಿಲ್ಲ. ಕಲ್ಯೂಕೆ ಯಾಕೆ ಬರ್ಬೇಕು?”

ಹುಡುಗಿಯ ಆರ್ಡರ್ ಮುಂದುವರಿಯಿತು. ಸರ್ವರ್‌ನ ಪಾಸ್‌ವರ್ಡ್ ನನ್ನಿಂದ ಕಿತ್ತು ಅವಳಿಗೆ ಕೊಟ್ಟರು. ಅವಳಿಗೆ ಕಲಿಸುವ ಕೆಲಸ ನನಗೆ ಉಳಿಯಿತು. ಇಬ್ಬರೂ ಬಸ್ಸಿನಲ್ಲಿ ಊರೂರಿಗೆ ಹೋಗಿ ಹೆಬ್ಬೆಟ್ಟು ಮತ್ತೆ ತೆಗೆದೆವು. ದಾರಿಯಲ್ಲಿ ಅವಳಿಗೆ ಕ್ಷಮಿಸು ಎಂದೆ. “ಮುಂದೆ ನೋಡ್ವಾ,” ಅಂದಳು.

ಈಗ ಪ್ರತಿ ಶನಿವಾರ ಬೇರೆ ಡಿಸ್ಕಿಗೆ ಪ್ರತಿ ತೆಗೆಯುತ್ತೇವೆ. ನನ್ನ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡಿದ ಮೇಲೇ ಮನೆಗೆ ಹೋಗುವುದು. ಎರಡನೆಯ ಸರ್ವರ್ ಬೇಕೆಂದು ಅರ್ಜಿ ಹಾಕಿದ್ದೇನೆ. ಅಧ್ಯಕ್ಷರು ಈಗಲೂ ನಗುತ್ತಾರೆ, ನಗಲಿ.

ಮೊನ್ನೆ ಒಂದು ಅಪ್‌ಡೇಟ್ ಕೆಟ್ಟಿತು. ಹಿಂದಕ್ಕೆ ಮರಳಿಸಲೇಬೇಕಿತ್ತು. ನನ್ನ ಬೆರಳು ಗುಂಡಿಯ ಹತ್ತಿರ ಹೋಗುತ್ತಿದ್ದಂತೆ ಅವಳು, “ಕಾಕಾ, ಮೊದ್ಲು ಕೇಳಿ,” ಅಂದಳು.

“ಸ್ನ್ಯಾಪ್‌ಶಾಟ್ ತೆಗ್ದ ಮೇಲೆ ಯಾರ್ ಯಾರು ಬಂದಿದ್ರು?” ಕೇಳಿದೆ.

ಪ್ರತಿ ತೆಗೆದ ಡಿಸ್ಕು ಹಚ್ಚಿ ಅವಳು ಆಮೇಲೆ ಸೇರಿದ ಹೆಸರುಗಳನ್ನು ಒಂದೊಂದಾಗಿ ಓದಿದಳು. ಕೊನೆಯದು ಕೇಳಿದ ಮೇಲೆ ಗುಂಡಿ ಒತ್ತಿದೆ.