ಶಿವರಾತ್ರಿ ಕಳೆದ ಮೇಲೆ ಬಾರಪ್ಪ

ಇದು ನಡೆದದ್ದು. ನಂಬದವರು ಪೆರೇಸಂದ್ರಕ್ಕೆ ಬಂದು ನನ್ನ ಬಾಮೈದ ಗೋಪಿಯ ಎಡಗಾಲು ನೋಡಬಹುದು. ಕೇಳಿದವರಿಗೆಲ್ಲ ಪಂಚೆ ಎತ್ತಿ ತೋರಿಸುವಷ್ಟು ಉದಾರಿ ಅವನು.

ಅವನ ದ್ರಾಕ್ಷಿ ತೋಟದ ಮನೆಯ ಹಿತ್ತಲಲ್ಲಿ ಈಜುಕೊಳವಿದೆ. ಚಳಿ ಬಿದ್ದ ಕೂಡಲೇ ಅದನ್ನು ಮುಚ್ಚುವುದು ನಮ್ಮಿಬ್ಬರ ವಾರ್ಷಿಕ ವ್ರತ. ನೀರನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಬ್ಲೀಚಿಂಗ್ ಪೌಡರ್ ಎರಚಿ, ಟಾರ್ಪಾಲು ಹೊದಿಸಿ, ಮೇಲೆ ದ್ರಾಕ್ಷಿಗೆ ಹೊದಿಸುವ ಹಳೇ ಬಲೆ ಎಳೆದು, ಸುತ್ತಲಿನ ಕಲ್ಲುಕಂಬಗಳಿಗೆ ತಂತಿಯಲ್ಲಿ ಬಿಗಿಯಬೇಕು. ಆಮೇಲೆ ಶಿವರಾತ್ರಿಯ ತನಕ ಕೊಳಕ್ಕೆ ಯೋಗನಿದ್ರೆ.

ಆ ಸಂಜೆ ಕೊನೆಯ ತಂತಿ ಬಿಗಿಯುವಷ್ಟರಲ್ಲಿ ಕತ್ತಲಾಯಿತು. ಮಂಜು ಇಳಿದಿತ್ತು. ಬ್ಲೀಚಿಂಗ್ ವಾಸನೆಯ ಜೊತೆ ಇನ್ನೊಂದು ವಾಸನೆ… ಹಸಿ ರಕ್ತದ್ದು.

ಧಬ್.

ಟಾರ್ಪಾಲಿನ ಅಡಿಯಿಂದ.

“ಕಪ್ಪೆ ಕಣೋ,” ಎಂದೆ.

ಟಾರ್ಪಾಲು ಅಂಗೈಯ ಆಕಾರದಲ್ಲಿ ಉಬ್ಬಿತು.

“ಇಷ್ಟ್ ದೊಡ್ ಕೈ ಇರೋ ಕಪ್ಪೇನಾ ಭಾವ?” ಗೋಪಿ ಪಿಸುಗುಟ್ಟಿದ. ನೋಡಲು ಅಂಚಿಗೆ ಹೋದ.

ಅಡಿಯಿಂದ ಏನೋ ಚಾಚಿಕೊಂಡು ಬಂದು ಅವನ ಎಡಗಾಲನ್ನು ಸೆಳೆಯಿತು. ಬಿದ್ದ ರಭಸಕ್ಕೆ ಹಣೆ ಕಲ್ಲಿಗೆ ಬಡಿದು ರಕ್ತ ಚಿಮ್ಮಿತು. ಇನ್ನೊಂದು ಎಳೆತ… ಮೂಳೆ ಲಟ್ಟೆಂದಿತು, ಹಸಿ ಕಬ್ಬು ಮುರಿದ ಹಾಗೆ. ಸೊಂಟದ ತನಕ ಒಳಗೆ ಹೋಗಿದ್ದ.

“ಬಿಡ್ಬೇಡಿ ಭಾವಾ… ಸಾಯಿಸ್ಬಿಡ್ತದೆ!”

ಒಂದು ಕೈಯಲ್ಲಿ ಅವನ ತೋಳು, ಇನ್ನೊಂದರಲ್ಲಿ ಬಲೆ ಕತ್ತರಿಸಲು ತಂದಿದ್ದ ಮಚ್ಚು. ಕಣ್ಣುಮುಚ್ಚಿ ಟಾರ್ಪಾಲಿನ ಮೇಲೆ ಕೊಚ್ಚಿದೆ. ಮತ್ತೆ ಕೊಚ್ಚಿದೆ. ಬಿಸಿಯಾದದ್ದೇನೋ ಮುಖಕ್ಕೆ ಸಿಡಿಯಿತು. ಮೂರನೆಯ ಏಟಿಗೆ ಮಚ್ಚು ಆಳಕ್ಕೆ ಇಳಿಯಿತು, ಮೇಲಕ್ಕೆ ಬರಲಿಲ್ಲ. ಒಳಗಿದ್ದದ್ದು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಿತು.

ಆಗ ನನ್ನ ಬಾಯಿಂದ ಬಂದದ್ದು ಮಂತ್ರವಲ್ಲ. ಚಳಿಗಾಲದಲ್ಲಿ ಈಜಲು ಬರುವ ನೆಂಟರಿಗೆ ಹೇಳಿ ಹೇಳಿ ರೂಢಿಯಾದ ಮಾತು:

“ಕೊಳ ಮುಚ್ಚಿದೀವಿ! ಶಿವರಾತ್ರಿ ಕಳೆದ್ಮೇಲೆ ಬಾರಪ್ಪ!”

ಹಿಡಿತ ಸಡಿಲವಾಯಿತು. ಥಟ್ಟನೆ. ಒಪ್ಪಿಕೊಂಡ ಹಾಗೆ.

ಗೋಪಿಯನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿ, ಬೆಳಿಗ್ಗೆ ನಾಲ್ಕು ಜನರ ಎದುರು ಟಾರ್ಪಾಲು ಸರಿಸಿದೆ. ಮೊಣಕಾಲುದ್ದ ತಿಳಿ ನೀರು. ರಕ್ತವಿಲ್ಲ. ಮಚ್ಚೂ ಇಲ್ಲ. ಮತ್ತೆ ಬಿಗಿದೆವು, ಈ ಸಲ ಎರಡು ಸುತ್ತು ತಂತಿ.

ಮೊನ್ನೆ ಶಿವರಾತ್ರಿ ಕಳೆಯಿತು. ಗೋಪಿಯ ಮಗಳು, “ಮಾವ, ನಾಳೆ ಕೊಳ ತೆಗೀತೀರಲ್ಲ?” ಎಂದು ಕುಣಿಯುತ್ತಿದ್ದಾಳೆ. ಗೋಪಿ ಎಡಗಾಲು ನೀವಿಕೊಳ್ಳುತ್ತಾ ನನ್ನ ಮುಖ ನೋಡುತ್ತಾನೆ.

ನಿನ್ನೆ ರಾತ್ರಿ ಟಾರ್ಪಾಲಿನ ಅಡಿಯಲ್ಲಿ, ಕಲ್ಲಿಗೆ ಮಚ್ಚು ಮಸೆಯುವ ಸದ್ದು… ಸರ್ರ್… ಸರ್ರ್… ಅವಸರವಿಲ್ಲದೆ.

ಕೊಟ್ಟ ಮಾತಿಗೆ ತಪ್ಪುವವನಲ್ಲ ಎಂದು ಊರಲ್ಲಿ ನನಗೊಂದು ಹೆಸರಿದೆ. ಆ ಹೆಸರು ಕೊಳದ ತಳದವರೆಗೂ ಮುಟ್ಟಿದೆ ಎಂದು ನನಗೆ ಗೊತ್ತಿರಲಿಲ್ಲ.